ಹುತ್ತದ ಬುಡದ ಅಣಬೆ

ಮಗಳ ಜೊತೆ ಆ ಭಾನುವಾರ ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಆರಿದ್ರಾ ಮಳೆ ಮೂರು ದಿನ ಬಿಡದೆ ಹೊಯ್ದು, ಬೆಳಗ್ಗೆ ಸ್ವಲ್ಪ ಹೊಳವಾಗಿತ್ತು. ಅಮ್ಮ ಕಾಫಿ ಕುಡಿದವಳೇ ಕುಕ್ಕೆ ಹಿಡಿದು ಅಂಗಳಕ್ಕಿಳಿದಳು. “ಬಾ ಪುಟ್ಟಿ, ಅಣಬೆ ಎದ್ದಿರ್ತವೆ. ತಡ ಮಾಡಿದ್ರೆ ಹುಳ ಬೀಳ್ತವೆ.”

ಐದನೇ ಕ್ಲಾಸಿನ ಪುಟ್ಟಿಗೆ ಗೊತ್ತಿದ್ದದ್ದು ಅಂಗಡಿಯ ಡಬ್ಬಿಯಲ್ಲಿ ಸಿಗುವ ಬಿಳಿ ಅಣಬೆ ಮಾತ್ರ. ಇಂಬಳಗಳನ್ನು ಕೊಡವಿಕೊಳ್ಳುತ್ತಾ ತೋಟ ದಾಟಿ ಗುಡ್ಡ ಹತ್ತಿದೆವು.

ಹಳೆಯ ಹುತ್ತವೊಂದರ ಬುಡದಲ್ಲಿ ತರಗೆಲೆ ಸರಿಸಿ ನಿಂತಿದ್ದವು, ಚೂಪು ತಲೆಯ ಅಣಬೆಗಳು. ಅಮ್ಮ ಕಡ್ಡಿಯಿಂದ ಮಣ್ಣು ಸಡಿಲಿಸಿ ಒಂದನ್ನು ಮೆಲ್ಲಗೆ ಎಳೆದಳು. ದಂಟು ಬರುತ್ತಲೇ ಇತ್ತು, ಗೇಣುದ್ದ!

“ಇದರ ಬೇರು ಎಲ್ಲಿಗೆ ಹೋಗ್ತದೆ ಅಜ್ಜಿ?”

“ಗೆದ್ದಲ ಮನೆಗೆ.”

ನಿಜ. ಗೆದ್ದಲುಗಳೂ ನಮ್ಮಂತೆ ಬೇಸಾಯಗಾರರು. ಒಣ ಎಲೆ, ಕಟ್ಟಿಗೆ ತಿಂದು, ತಮ್ಮ ಹಿಕ್ಕೆಯಿಂದ ಹುತ್ತದೊಳಗೆ ಜೇನುತಟ್ಟಿಯಂಥ ಗೂಡು ಕಟ್ಟಿ, ಅದರ ಮೇಲೆ ಶಿಲೀಂಧ್ರ ಬೆಳೆಸುತ್ತವೆ. ಗಟ್ಟಿ ಕಟ್ಟಿಗೆಯನ್ನು ಅವಕ್ಕೆ ಅರಗುವಂತೆ ಮಾಡಿಕೊಡುವುದು ಆ ಶಿಲೀಂಧ್ರವೇ. ಮಳೆಗಾಲದಲ್ಲಿ ಅದು ನೆಲದ ಮೇಲೆ ಬಿಚ್ಚುವ ಕೊಡೆ ಈ ಅಣಬೆ. 1942ರಲ್ಲಿ ಫ್ರಾನ್ಸಿನ ವಿಜ್ಞಾನಿ ರೋಜೆ ಎಮ್ ಇದರ ಕುಲಕ್ಕೆ ‘ಟರ್ಮಿಟೋಮೈಸಿಸ್’ ಎಂದು ಹೆಸರಿಟ್ಟ. ಅಂದರೆ ಗೆದ್ದಲಿನ ಅಣಬೆ. ಅಮ್ಮ ಕರೆಯುವುದು ‘ಹುತ್ತದ ಅಣಬೆ’ ಎಂದು.

ಎಲ್ಲವನ್ನೂ ಕೀಳದೆ ನಾಲ್ಕೈದನ್ನು ಅಲ್ಲೇ ಬಿಟ್ಟು ಮುಂದೆ ಹೋದೆವು. ಮರದಡಿಯಲ್ಲಿ ಬೆಳ್ಳಗಿನ ಅಣಬೆ ಕಂಡು ಪುಟ್ಟಿ ಕುಣಿದಳು. “ಇದನ್ನ ಹುಳ ತಿಂದಿದೆ ಅಜ್ಜಿ, ಅಂದ್ರೆ ವಿಷ ಇಲ್ಲ!”

“ಹುಳದ ಹೊಟ್ಟೆ ಬೇರೆ, ನಮ್ಮ ಹೊಟ್ಟೆ ಬೇರೆ. ಮುಟ್ಟಬೇಡ.”

ಬೆಳ್ಳಿ ಚಮಚ ಕಪ್ಪಾದರೆ ಮಾತ್ರ ವಿಷ ಎನ್ನುವುದೂ ನಂಬುವ ಮಾತಲ್ಲ. ಕೆಲವು ಅಣಬೆಗಳ ವಿಷ ಎಷ್ಟು ಕುದಿಸಿದರೂ ಹೋಗದು. ತಿಂದು 6 ಗಂಟೆ ಕಳೆದರೂ ಏನೂ ಅನ್ನಿಸದಿರಬಹುದು. ಅಷ್ಟರಲ್ಲಿ ವಿಷ ಯಕೃತ್ತಿಗೆ ಇಳಿದಿರುತ್ತದೆ.

ಇನ್ನೊಂದು ಕಡೆ ಮಬ್ಬುಗತ್ತಲಲ್ಲಿ ಅಮ್ಮನೇ ಒಂದು ಹಿಡಿ ಕಿತ್ತು, ಬೇರೆ ಎಲೆಯಲ್ಲಿ ಕಟ್ಟಿಕೊಂಡಿದ್ದಳು. ಮನೆಗೆ ಬಂದು ಅಂಗಳದ ಬೆಳಕಿನಲ್ಲಿ ಅವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವಳ ಕಣ್ಣಿಗೆ ಪೊರೆ ಬಂದಿದೆ. ಮಾತಾಡದೆ ಎದ್ದು, ಎಲೆಯ ಸಮೇತ ಗೊಬ್ಬರದ ಗುಂಡಿಗೆ ಎಸೆದು, ಕೈ ತೊಳೆದು ಬಂದಳು.

“ಅಜ್ಜಿ, ನೀನೇ ಕಿತ್ತಿದ್ದಲ್ವಾ? ನಿಂಗೂ ಗೊತ್ತಾಗ್ಲಿಲ್ವಾ?”

“ಇಲ್ಲ ಮಗಾ. ಗೊತ್ತಾಗದೇ ಇದ್ದದ್ದನ್ನ ಬಿಟ್ಟಿದ್ದಕ್ಕೇ ಅರವತ್ತು ವರ್ಷದಿಂದ ಅಣಬೆ ತಿಂತಾ ಇದೀನಿ.”

ಮಧ್ಯಾಹ್ನ ಕಡುಬು, ಹುತ್ತದ ಅಣಬೆಯ ಸಾರು. ತಲೆಗೆರಡು ಸೌಟು ಬಂದಿರಬಹುದು, ಅಷ್ಟೇ.

ಸಂಜೆ ಬಸ್ಸು ಹತ್ತುವಾಗ ಪುಟ್ಟಿ ಅಜ್ಜಿಯ ಸೆರಗು ಜಗ್ಗಿದಳು. “ಮುಂದಿನ ಮಳೆಗಾಲದೊಳಗೆ ಕಣ್ಣಿನ ಆಪರೇಷನ್ ಮಾಡಿಸ್ಕೋ ಅಜ್ಜಿ. ನಂಗಿನ್ನೂ ಒಂದೇ ಅಣಬೆ ಗೊತ್ತಿರೋದು.”