ಹಿಂದೆ ಅಂಟ್ಕೊಂಡಿರೋ ಸಣ್ಣ ಕಾರು

(1)

ಮೊದಲ್ನೇ ಫೋಟೋ ಹೋದ ಆಯುಧಪೂಜೆದು. ಎಡಗಡೆ ಅಪ್ಪನ ನ್ಯಾನೋ, ಬಲಗಡೆ ಚಿಕ್ಕಪ್ಪನ ಟಾಟಾ ಏಸ್. ಎರಡಕ್ಕೂ ಬಾಳೆಕಂದು ಕಟ್ಟಿದ್ದೀವಿ, ಎರಡರ ಚಕ್ರದ ಕೆಳಗೂ ನಿಂಬೆಹಣ್ಣು. ಬೂದುಗುಂಬಳಕಾಯಿ ಮಾತ್ರ ಚಿಕ್ಕಪ್ಪನ ಗಾಡಿ ಮುಂದೆ ಒಡೆದ್ರು. "ನಮ್ಮ ಕಾರಿಗ್ಯಾಕಿಲ್ಲ?" ಅಂದಿದ್ದಕ್ಕೆ ಅಜ್ಜಿ, "ಅದು ಅನ್ನ ಹಾಕೋ ಗಾಡಿ, ಇದು ತಿರುಗಾಡೋ ಗಾಡಿ" ಅಂದುಬಿಟ್ರು. ಅಪ್ಪನ ಮುಖ ನೋಡ್ಬೇಕಿತ್ತು.

ನ್ಯಾನೋ ಓಡಿಸೋನ ಕಷ್ಟ ನಮ್ಮ ಕ್ಲಾಸ್‌ನವರಿಗೆ ಹೇಳಬೇಕಾಗಿಲ್ಲ. ಕಷ್ಟ ಕೊಟ್ಟೋರೇ ನೀವು. "ಆಟೋಗೆ ಬಾಗಿಲು ಹಾಕ್ಸಿದಾನೆ", "ಮಗಾ, ಕೀ ಕೊಟ್ರೆ ಓಡುತ್ತಾ ಇದು?" ಎಲ್ಲಾ ನೆನಪಿದೆ. ರಸ್ತೆಲೂ ಅದೇ ಕಥೆ. ಆರ್ಚ್ ಹತ್ರ ಮೈಸೂರು ರಸ್ತೆಗೆ ಸೇರ್ಕೊಳ್ಳೋವಾಗ ದೊಡ್ಡ ಕಾರಿನವರು ನನ್ನನ್ನ ಲೆಕ್ಕಕ್ಕೇ ಇಡಲ್ಲ.

ಹಂಗಾಗಿ ನನಗಿಂತ ಕೆಳಗೆ ಯಾರಾದ್ರೂ ಬೇಕಿತ್ತು. ಸಿಕ್ಕಿದ್ದು ಗೂಡ್ಸ್ ಗಾಡಿಯವರು. ಹೊಗೆ ಬಿಡ್ತಾರೆ, ಮಧ್ಯರಸ್ತೆಲಿ ನಿಲ್ಸಿ ಅನ್‌ಲೋಡ್ ಮಾಡ್ತಾರೆ, ಇಂಡಿಕೇಟರ್ ಬದಲು ಕೈ ಆಡಿಸ್ತಾರೆ, ದಾರಿ ಬಿಡಲ್ಲ. ಇಷ್ಟು ಬೈಗುಳ ನನ್ನ ಬಾಯಲ್ಲಿ ಯಾವಾಗ್ಲೂ ರೆಡಿ. ಸ್ವಂತ ಚಿಕ್ಕಪ್ಪ ಅದೇ ಗಾಡಿ ಓಡಿಸ್ತಾರೆ ಅನ್ನೋದು ಈ ಲೆಕ್ಕದೊಳಗೆ ಬರ್ತಾನೇ ಇರ್ಲಿಲ್ಲ. ಚಿಕ್ಕಪ್ಪ ಬೇರೆ, ಗೂಡ್ಸ್ ಗಾಡಿಯವರು ಬೇರೆ.

(2)

ಇದನ್ನ ಬರೀಲೋ ಬೇಡ್ವೋ ಅಂತ ತುಂಬ ದಿನ ಯೋಚನೆ ಮಾಡಿದೆ.

ಮಳೆಗಾಲದಲ್ಲಿ ಒಂದು ಸಂಜೆ. ಬಿಇಎಂಎಲ್ ಲೇಔಟ್ ಕಡೆ ಒಂದು ಏರು. ಆರ್.ಆರ್. ನಗರ ಪೂರ್ತಿ ಏರು ಇಳುಕಲೇ ಅಲ್ವಾ. ಮುಂದೆ ಒಂದು ಏಸ್, ನೀಲಿ ಟಾರ್ಪಾಲು ಹೊದ್ದುಕೊಂಡು ತೆವಳ್ತಾ ಇತ್ತು. ಪಕ್ಕದ ಸೀಟಲ್ಲಿ ಫ್ರೆಂಡ್ ಇದ್ದ. ಪಕ್ಕದಲ್ಲಿ ಯಾರಾದ್ರೂ ಇದ್ರೆ ನಾನು ಹಾರ್ನ್ ಸ್ವಲ್ಪ ಜಾಸ್ತಿ ಹೊಡೀತೀನಿ, ಅದೂ ನಿಜ. ಏರಿನ ಮಧ್ಯೆ ಏಸ್ ನಿಂತಿತು. ನಾನೂ ಅದರ ಬೆನ್ನಿಗೇ ನಿಂತೆ. ಅದು ಹೊರಟಿತು ಅನ್ನೋಷ್ಟರಲ್ಲಿ ಒಂದಡಿ ಹಿಂದಕ್ಕೆ ಜಾರಿ ನನ್ನ ಬಂಪರ್‌ಗೆ ತಗಲಿತು. ಟಪ್ ಅಂತ ಸದ್ದು, ಒಂದು ಗೀರು. ಅಷ್ಟೇ.

ಇಳಿದು ಹೋಗಿ ಕೂಗಾಡಿದೆ. "ಕಣ್ ಕಾಣಲ್ವಾ? ಯಾರ್ರೀ ಲೈಸೆನ್ಸ್ ಕೊಟ್ಟಿದ್ದು ನಿಮಗೆ?" ಡ್ರೈವರ್‌ಗೆ ಅಪ್ಪನಷ್ಟೇ ವಯಸ್ಸು. ವಾದ ಮಾಡ್ಲಿಲ್ಲ. "ತಪ್ಪಾಯ್ತು ಸಾರ್" ಅಂದ್ರು. ನನಗೆ ಸಾರ್! ಹಿಂದೆ ಹಾರ್ನ್ ಶುರುವಾಗಿತ್ತು. ಅವರು ಅಂಗಿ ಜೇಬಿಂದ ಐನೂರರ ನೋಟು ತೆಗೆದು ಚಾಚಿದ್ರು.

ತಗೊಂಡೆ.

(3)

ಅದಾಗಿ ಎರಡು ತಿಂಗಳಿಗೆ ಚಿಕ್ಕಪ್ಪನ ಹುಡುಗ ಊರಿಗೆ ಹೋಗಿದ್ದ. ಭಾನುವಾರ ಒಂದು ದಿನ ಬಾ ಅಂತ ನನ್ನನ್ನ ಕರೆದ್ರು. ಕೆಂಗೇರಿಯಿಂದ ಸಿಮೆಂಟ್ ಮೂಟೆ ತುಂಬ್ಕೊಂಡು ನಮ್ಮ ಏರಿಯಾಗೇ ಹಾಕೋ ಬಾಡಿಗೆ.

ಏಸ್ ಒಳಗೆ ಕೂತ ಮೇಲೆ ಮೊದಲು ಗೊತ್ತಾಗೋದು ಬಿಸಿ. ಎಂಜಿನ್ ಇರೋದೇ ಸೀಟಿನ ಕೆಳಗೆ. ಎರಡನೇದು, ಹಿಂದೆ ಏನೂ ಕಾಣಲ್ಲ. ಲೋಡ್ ಕ್ಯಾಬಿನ್ ಎತ್ತರಕ್ಕೆ ಬಂದ್ರೆ ಒಳಗಿನ ಕನ್ನಡಿ ದೇವರ ಫೋಟೋ ಥರ, ಇದೆ ಅಂತ ಸಮಾಧಾನ ಅಷ್ಟೇ. ಉಳಿದಿದ್ದು ಎರಡು ಸೈಡ್ ಮಿರರ್. ಅದರಲ್ಲಿ ಅಕ್ಕಪಕ್ಕ ಕಾಣುತ್ತೆ. ಸರೀ ಬೆನ್ನ ಹಿಂದೆ ನಿಂತಿರೋದು ಕಾಣಲ್ಲ.

"ಬಸ್ಸು, ಲಾರಿ ಅಂಟ್ಕೊಂಡ್ರೆ ಹೆಂಗೋ ಗೊತ್ತಾಗುತ್ತೆ ಕಣೋ. ಅಂಚು ಕಾಣುತ್ತೆ. ನಿನ್ ಥರ ಸಣ್ಣ ಕಾರಿನೋರು ಬಂದು ಅಂಟ್ಕೊಂಡ್ರೆ ನಮ್ ಪಾಲಿಗೆ ಅಲ್ಲಿ ಯಾರೂ ಇಲ್ಲ" ಅಂದ್ರು ಚಿಕ್ಕಪ್ಪ.

ನಾನು ಸುಮ್ನಿದ್ದೆ.

ಅವರ ಹತ್ರಾನೂ ಒಂದು ಬೈಗುಳದ ಲಿಸ್ಟ್ ಇದೆ ಅಂತ ಆವತ್ತು ಗೊತ್ತಾಯ್ತು. ವೈಟ್ ಬೋರ್ಡ್‌ನೋರು ಮ್ಯಾಪ್ ನೋಡ್ಕೊಂಡು ರಸ್ತೆ ಮಧ್ಯೆ ಬ್ರೇಕ್ ಹಾಕ್ತಾರೆ. ಅಂಗಡಿ ಮುಂದೆ ಅವರು ನಿಲ್ಲಿಸಿದ್ರೆ ಪಾರ್ಕಿಂಗ್, ನಾವು ನಿಲ್ಲಿಸಿದ್ರೆ ಅಡ್ಡ. ಲೋಡ್ ಇರೋ ಗಾಡಿ ಮುಂದೆ ತಂದು ತೂರಿಸ್ತಾರೆ, ಬ್ರೇಕ್ ಹಿಡಿಯೋಕೆ ನಮಗೆ ಎಷ್ಟು ಜಾಗ ಬೇಕು ಅಂತ ಗೊತ್ತೇ ಇಲ್ಲ. ಎಲ್ಲ ಹೇಳಿ, "ನಿಮ್ಮಪ್ಪ ಹಂಗಲ್ಲ ಬಿಡು" ಅಂತ ಸೇರಿಸಿದ್ರು. ಅಪ್ಪ ಬೇರೆ, ವೈಟ್ ಬೋರ್ಡ್‌ನೋರು ಬೇರೆ!

ಆ ಏರಿಗೆ ಬಂದ್ವಿ. ಅದೇ ಏರು. ಮುಂದೆ ಯಾರೋ ಬ್ರೇಕ್ ಹಾಕಿದ್ರು, ನಾವೂ ನಿಂತ್ವಿ. "ಇಳಿ, ಕಲ್ಲು ಕೊಡು" ಅಂದ್ರು. ಬಾಗಿಲ ಸಂದಿಲಿ ಇಟ್ಟಿರ್ತಾರಲ್ಲ ಒಂದು ಕಲ್ಲು, ಅದು ಯಾಕೆ ಅಂತ ಇಷ್ಟು ವರ್ಷ ಕೇಳಿರ್ಲಿಲ್ಲ. ಹಿಂದಿನ ಚಕ್ರದಡಿ ಇಟ್ಟೆ. ಗಾಡಿ ಗುಡುಗಿ, ನಡುಗಿ, ಮೆಲ್ಲಗೆ ಕಲ್ಲು ಬಿಟ್ಟು ಮೇಲೆ ಹೋಯ್ತು. ಕಲ್ಲೆತ್ಕೊಂಡು ಹಿಂದೆ ಓಡಿದೆ.

ಆವತ್ತಿನ ಆ ಡ್ರೈವರ್ ಒಬ್ಬರೇ ಇದ್ರು. ಕಲ್ಲು ಕೊಡೋಕೆ ಯಾರೂ ಇರ್ಲಿಲ್ಲ.

(4)

ಮನೆಗೆ ಬಂದು ಕೂತು ಓದಿದೆ. ಏಸ್ ಬಂದಿದ್ದು 2005ರ ಮೇನಲ್ಲಿ. 702 ಸಿಸಿ ಡೀಸೆಲ್, ಎರಡೇ ಸಿಲಿಂಡರ್, ಶಕ್ತಿ 16 ಎಚ್‌ಪಿ. ನ್ಯಾನೋ 2009ರಲ್ಲಿ ಬಂತು. ಇದಕ್ಕೂ ಎರಡೇ ಸಿಲಿಂಡರ್, 624 ಸಿಸಿ ಪೆಟ್ರೋಲ್, ಆದ್ರೆ ಶಕ್ತಿ ಸುಮಾರು 35 ಎಚ್‌ಪಿ. ನನ್ನದರ ಅರ್ಧ ಶಕ್ತಿಯಲ್ಲಿ ಅದು ಮುಕ್ಕಾಲು ಟನ್ ಹೊರುತ್ತೆ. ಐವತ್ತು ಕೆಜಿಯ ಹದಿನೈದು ಸಿಮೆಂಟ್ ಮೂಟೆ ಅಂದ್ರೆ 750 ಆಯ್ತು. ಅದು ತೆವಳದೆ ಇನ್ನೇನು ಮಾಡುತ್ತೆ?

ಇನ್ನೊಂದು ತಮಾಷೆ. ಈ ಎರಡೂ ಗಾಡಿ ಮಾಡಿದ ತಂಡಕ್ಕೆ ಮುಖ್ಯಸ್ಥರಾಗಿದ್ದದ್ದು ಒಬ್ಬರೇ, ಗಿರೀಶ್ ವಾಘ್ ಅನ್ನೋ ಎಂಜಿನಿಯರ್. ಅಂದ್ರೆ ಅಪ್ಪ ಚಿಕ್ಕಪ್ಪ ಮಾತ್ರ ಅಲ್ಲ, ಗಾಡಿಗಳೂ ಅಣ್ಣತಮ್ಮಂದಿರೇ. ಚಿಕ್ಕಪ್ಪನಿಗೆ ಹೇಳಿದ್ರೆ, "ನಿನ್ ಕಾರು ತೂಕ ಎಷ್ಟು?" ಅಂದ್ರು. ಸುಮಾರು 600 ಕೆಜಿ ಅಂದೆ. "ಹೊತ್ಕೊಂಡು ಹೋಗ್ತೀನಿ ಬಿಡು. ಉದ್ದ ಹಿಡಿಯಲ್ಲ ಅಷ್ಟೇ." ಅಮೆರಿಕದಲ್ಲಿ ಪಿಕಪ್ ಅಂದ್ರೆ ರಸ್ತೆಗೇ ಯಜಮಾನ, ಸಣ್ಣ ಕಾರಿನವರು ಹೆದರಿ ಪಕ್ಕಕ್ಕೆ ಸರೀಬೇಕು ಅನ್ನೋ ರೀಲ್ಸ್ ನಾನೂ ನೋಡಿದ್ದೀನಿ. ನಮ್ಮಲ್ಲಿ ಪಿಕಪ್‌ನವರೇ ಕೈ ಮುಗೀತಾರೆ.

ಇನ್ನು ಲೈಸೆನ್ಸ್. ಯಾರು ಕೊಟ್ಟಿದ್ದು ಅಂತ ಕೇಳಿದ್ನಲ್ಲ. ನನ್ನ ಜೇಬಲ್ಲಿರೋ ಎಲ್‌ಎಂವಿ ಲೈಸೆನ್ಸೇ ಅದಕ್ಕೂ ಸಾಕು. 7,500 ಕೆಜಿವರೆಗಿನ ಸಾರಿಗೆ ವಾಹನಕ್ಕೆ ಬೇರೆ ಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿ, 2024ರ ನವೆಂಬರ್‌ನಲ್ಲಿ ಐದು ಜನರ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿದಿದೆ. ಗಾಡಿ ವಿಷಯದಲ್ಲಂತೂ ಅವರದ್ದೇ ಕಟ್ಟುನಿಟ್ಟು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಂದು ಎಫ್‌ಸಿ, ಆಮೇಲೆ ಪ್ರತಿವರ್ಷ. ನಮ್ಮ ನ್ಯಾನೋ ಬ್ರೇಕ್ ಹೆಂಗಿದೆ ಅಂತ ಹದಿನೈದು ವರ್ಷ ತುಂಬೋವರೆಗೆ ಯಾರೂ ಕೇಳಲ್ಲ.

ಐನೂರರ ವಿಷಯ ಚಿಕ್ಕಪ್ಪನಿಗೆ ಹೋದ ವಾರ ಹೇಳಿದೆ. ಆರ್ಚ್ ಹತ್ರ ಟೀ ಕುಡೀತಾ ಇದ್ವಿ. ಬೈತಾರೆ ಅನ್ಕೊಂಡಿದ್ದೆ. ಲೋಟ ಕೆಳಗಿಟ್ಟು, "ತಗೊಂಡ್ಯಾ?" ಅಂದ್ರು.

"ಹೂಂ."

"ಏರಿಯಾ ಒಳಗಿನ ಟ್ರಿಪ್ ಆದ್ರೆ, ಡೀಸೆಲ್ ಕಳೆದು ಅವನಿಗೆ ಅಷ್ಟೇ ಉಳಿದಿರೋದು" ಅಂತಂದು ಟೀ ದುಡ್ಡು ಕೊಡೋಕೆ ಎದ್ರು. ನಾನು ಕೊಡ್ತೀನಿ ಅಂದೆ. ಬೇಡ ಅಂದ್ರು.

ಗೀರು ಇನ್ನೂ ಹಂಗೇ ಇದೆ, ಕೊನೇ ಫೋಟೋ ನೋಡಿ. ಆ ದುಡ್ಡಲ್ಲಿ ಪೇಂಟೂ ಮಾಡಿಸ್ಲಿಲ್ಲ, ಪಿಜ್ಜಾ ತಿಂದ್ವಿ. ಈಗ ಬೇರೆ ಐನೂರು ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಇಟ್ಕೊಂಡಿದ್ದೀನಿ. ಆ ಏಸ್ ನಂಬರ್ ನೋಡ್ಕೊಂಡಿಲ್ಲ. ನೀಲಿ ಟಾರ್ಪಾಲು, ಹಿಂದೆ ಅಪ್ಪು ಸ್ಟಿಕರ್, ಎಡಗಡೆ ಟೈಲ್ ಲ್ಯಾಂಪ್ ಒಡೆದಿತ್ತು. ಬಿಇಎಂಎಲ್ ಲೇಔಟ್, ಚನ್ನಸಂದ್ರ ಕಡೆ ಓಡಾಡೋರು ಯಾರಾದ್ರೂ ನೋಡಿದ್ರೆ ಮೆಸೇಜ್ ಮಾಡಿ. ಅಪ್ಪು ಸ್ಟಿಕರ್ ಇಲ್ಲದ ಏಸ್ ಈ ಕಡೆ ಎಷ್ಟಿದ್ದಾವು ಅಂತ ನೀವು ನಗ್ತೀರ, ಗೊತ್ತು. ಆದ್ರೂ ನೋಡ್ತಿರಿ.