ಆಟಿಕೆಯ ಪೆಟ್ಟಿಗೆ ಯಾರದು?

ಮನೆಯೊಂದು ಪಾಲಾಗುವಾಗ ಹೊಲ, ಗದ್ದೆ, ನಿವೇಶನ, ಒಡವೆ, ಬ್ಯಾಂಕಿನ ಠೇವಣಿ ಇವುಗಳ ಲೆಕ್ಕ ಮೊದಲು ಬರುತ್ತದೆ. ಅವುಗಳಿಗೆ ಪತ್ರವಿದೆ, ತೂಕವಿದೆ, ಸಾಕ್ಷಿಗಳ ಸಹಿಯಿದೆ. ಅಟ್ಟದ ಮೇಲೆ ಮೂವತ್ತು ನಲವತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಕುಳಿತಿದ್ದ ಸಣ್ಣ ವಸ್ತುಗಳಿಗೆ ಇವಾವುವೂ ಇರುವುದಿಲ್ಲ. ಆದರೂ ಗೃಹಸ್ಥನ ವಿವೇಕ ಪರೀಕ್ಷೆಗೆ ಒಳಗಾಗುವುದು ಬಹುಮಟ್ಟಿಗೆ ಇಂತಹ ವಸ್ತುಗಳ ಮುಂದೆಯೇ. ದೊಡ್ಡ ಆಸ್ತಿಗೆ ಕಾನೂನಿನ ಕಾವಲಿದೆ. ಚಿಕ್ಕ ವಸ್ತುವಿಗೆ ಮನಸ್ಸಾಕ್ಷಿಯೊಂದೇ ಕಾವಲು.

ಬೆಂಗಳೂರಿನ ರಾಜಾಜಿನಗರದ ಕುಟುಂಬವೊಂದರಲ್ಲಿ 2023ರಲ್ಲಿ ಇಂತಹ ಪ್ರಶ್ನೆಯೊಂದು ತಲೆದೋರಿತು. ಹಳೆಯ ಮನೆಯನ್ನು ಕೆಡವಿ ಅಲ್ಲಿ ಮಹಡಿ ಮನೆಗಳನ್ನು ಕಟ್ಟಿಸುವ ಒಪ್ಪಂದವಾಗಿತ್ತು. ಮೂರು ತಿಂಗಳೊಳಗೆ ಮನೆ ಬರಿದಾಗಬೇಕು. ಮನೆಯ ಹಿರಿಯರು ಅರವತ್ತಾರು ವಯಸ್ಸಿನ ನಿವೃತ್ತ ಎಂಜಿನಿಯರರು. ತಾಮ್ರದ ಹಂಡೆ, ಒಡೆದ ತೊಟ್ಟಿಲು, ಹಳೆಯ ಪಂಚಾಂಗದ ಕಟ್ಟುಗಳ ಹಿಂದಿನಿಂದ ಅವರ ಬಾಲ್ಯದ ಮೆಕ್ಯಾನೋ ಪೆಟ್ಟಿಗೆ ಹೊರಬಂದಿತು. ಹಂಡೆ ಯಾರಿಗೆ ಎಂಬುದು ಐದು ನಿಮಿಷದಲ್ಲಿ ತೀರ್ಮಾನವಾಯಿತು. ಆಟಿಕೆಯ ವಿಷಯ ತೀರ್ಮಾನವಾಗಲು ಎರಡು ತಿಂಗಳು ಹಿಡಿಯಿತು.

ಇಂದಿನ ಕಿರಿಯರಿಗೆ ಮೆಕ್ಯಾನೋ ಎಂದರೇನೆಂದು ಹೇಳಬೇಕಾಗಬಹುದು. ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಗುಮಾಸ್ತನಾಗಿದ್ದ ಫ್ರಾಂಕ್ ಹಾರ್ನ್‌ಬಿ ಎಂಬಾತ ತನ್ನ ಮಕ್ಕಳ ಸಲುವಾಗಿ ಲೋಹದ ಪಟ್ಟಿಗಳಲ್ಲಿ ಸಮಾನ ಅಂತರದ ರಂಧ್ರಗಳನ್ನು ಕೊರೆದು, ಬೋಲ್ಟು ನಟ್ಟುಗಳಿಂದ ಜೋಡಿಸುವ ಆಟಿಕೆಯೊಂದನ್ನು ರೂಪಿಸಿದ. 1901ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. 1907ರಲ್ಲಿ ಅದು ಮೆಕ್ಯಾನೋ ಎಂಬ ಹೆಸರು ಪಡೆಯಿತು. ರಂಧ್ರದಿಂದ ರಂಧ್ರಕ್ಕೆ ಅರ್ಧ ಅಂಗುಲ ಎಂಬ ಅಳತೆ ದಶಕಗಳು ಉರುಳಿದರೂ ಬದಲಾಗಲಿಲ್ಲ. ಆದುದರಿಂದ ಅಜ್ಜನ ಕಾಲದ ಪಟ್ಟಿ ಮೊಮ್ಮಗನ ಕಾಲದ ಪಟ್ಟಿಗೆ ಹೊಂದಿಕೊಳ್ಳುತ್ತಿತ್ತು. ಇದು ಕೇವಲ ಮಕ್ಕಳಾಟವೆಂದು ತಿಳಿಯಬೇಕಾಗಿಲ್ಲ. 1934ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಡಗ್ಲಸ್ ಹಾರ್ಟ್ರಿ ಮತ್ತು ಆರ್ಥರ್ ಪೋರ್ಟರ್ ಎಂಬವರು ಇದರ ಭಾಗಗಳನ್ನೇ ಬಳಸಿ ಕ್ಲಿಷ್ಟವಾದ ಗಣಿತ ಸಮೀಕರಣಗಳನ್ನು ಬಿಡಿಸುವ ಯಂತ್ರವೊಂದನ್ನು ನಿರ್ಮಿಸಿದರು. ಲಿವರ್‌ಪೂಲಿನ ಬಿನ್ಸ್ ರಸ್ತೆಯಲ್ಲಿದ್ದ ಮೂಲ ಕಾರ್ಖಾನೆ 1979ರಲ್ಲಿ ಮುಚ್ಚಿತು. ಅಂದಿನಿಂದ ಅಲ್ಲಿ ತಯಾರಾದ ಹಳೆಯ ಪೆಟ್ಟಿಗೆಗಳನ್ನು ಆಟಕ್ಕಾಗಿ ಕೊಳ್ಳುವವರಿಗಿಂತ ಸಂಗ್ರಹಕ್ಕಾಗಿ ಅರಸುವವರೇ ಹೆಚ್ಚು.

ಆ ಪೆಟ್ಟಿಗೆ ರಾಜಾಜಿನಗರದ ಮನೆಗೆ ಬಂದದ್ದು 1966ರಲ್ಲಿ. ಯಂತ್ರೋಪಕರಣಗಳ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ತಂದೆಯವರನ್ನು ಆರು ತಿಂಗಳ ತರಬೇತಿಗಾಗಿ ಇಂಗ್ಲೆಂಡಿಗೆ ಕಳುಹಿಸಿದ್ದರು. ಆಮದಿನ ಮೇಲೆ ಬಿಗಿಯಾದ ನಿರ್ಬಂಧವಿದ್ದ ಆ ದಿನಗಳಲ್ಲಿ ವಿದೇಶದ ಆಟಿಕೆ ಮಧ್ಯಮ ವರ್ಗದ ಮನೆಗೆ ಬರುವುದೇ ಅಪರೂಪ. ಮೆಕ್ಯಾನೋ ಪೆಟ್ಟಿಗೆಗಳಿಗೆ ಕ್ರಮಸಂಖ್ಯೆಗಳಿದ್ದವು. 5ನೆಯ ಸಂಖ್ಯೆಯ ಪೆಟ್ಟಿಗೆಯೊಡನೆ 5ಎ ಎಂಬ ಪೂರಕ ಪೆಟ್ಟಿಗೆಯನ್ನು ಸೇರಿಸಿದರೆ ಅದು 6ನೆಯದಕ್ಕೆ ಸಮನಾಗುತ್ತಿತ್ತು. ತಂದೆಯವರು ಮೊದಲು 5ನೆಯದನ್ನು ಕೊಂಡರು. ಬಳಿಕ ಎರಡು ತಿಂಗಳು ಬಸ್ಸಿನ ಬದಲು ನಡೆದುಕೊಂಡೇ ಕೆಲಸಕ್ಕೆ ಹೋಗಿ, ಉಳಿಸಿದ ಹಣದಲ್ಲಿ 5ಎ ಕೊಂಡರು. ಮುಚ್ಚಳದ ಒಳಬದಿಯಲ್ಲಿ ಒಂಬತ್ತು ವರ್ಷದ ಮಗನ ಹೆಸರನ್ನು ಶಾಯಿಯಲ್ಲಿ ದುಂಡಗೆ ಬರೆದರು. ಆರು ವರ್ಷದ ಮಗಳಿಗೆ ಒಂದು ಗೊಂಬೆ ತಂದಿದ್ದರು.

ಮುಂದಿನ ಎಂಟು ವರ್ಷ ಆ ಮನೆಯ ಪಡಸಾಲೆಯಲ್ಲಿ ಕ್ರೇನುಗಳೂ ಸೇತುವೆಗಳೂ ಏಳುತ್ತಿದ್ದವು, ಇಳಿಯುತ್ತಿದ್ದವು. ಕಟ್ಟುವವನು ಅಣ್ಣ, ಚೆಲ್ಲಿದ ನಟ್ಟುಗಳನ್ನು ಹೆಕ್ಕಿ ತಟ್ಟೆಗೆ ತುಂಬುವವಳು ತಂಗಿ. 1974ರಲ್ಲಿ ಅಣ್ಣ ಎಂಜಿನಿಯರಿಂಗ್ ಓದಲು ಸುರತ್ಕಲ್ಲಿಗೆ ಹೋದ ಮೇಲೆ ಪೆಟ್ಟಿಗೆ ತಂಗಿಯ ಕೈಗೆ ಬಂದಿತು. ಹದಿನಾಲ್ಕರ ಆ ಹುಡುಗಿ ಎಲ್ಲ ಭಾಗಗಳನ್ನೂ ಎಣಿಸಿ ನೋಟುಪುಸ್ತಕದಲ್ಲಿ ಪಟ್ಟಿ ಮಾಡಿದಳು. ತುಕ್ಕು ಹಿಡಿದ ಎರಡು ಹಳದಿ ಫಲಕಗಳನ್ನು ಉಜ್ಜಿ ಬಣ್ಣ ಬಳಿದಳು. ಕಳೆದುಹೋಗಿದ್ದ ಬೋಲ್ಟುಗಳ ಬದಲಿಗೆ ಎಸ್.ಪಿ. ರಸ್ತೆಯ ಅಂಗಡಿಯಿಂದ ನಾಲ್ಕು ಮಿಲಿಮೀಟರಿನ ಬೋಲ್ಟುಗಳನ್ನು ತಂದಳು. ಮೆಕ್ಯಾನೋದ ಬೋಲ್ಟು ಬ್ರಿಟಿಷ್ ಅಳತೆಯ ಮೂವತ್ತೆರಡನೆಯ ಐದಂಶ ಅಂಗುಲ. ದಪ್ಪದಲ್ಲಿ ಎರಡಕ್ಕೂ ಕೂದಲೆಳೆಯ ಅಂತರ, ಆದರೆ ಎಳೆಯ ಅಂತರ ಬೇರೆ. ಒಂದರ ನಟ್ಟು ಇನ್ನೊಂದರ ಬೋಲ್ಟಿಗೆ ಒಂದೆರಡು ಸುತ್ತು ಸೇರಿ ಅಲ್ಲಿಯೇ ಬಿಗಿದು ನಿಲ್ಲುತ್ತದೆ. ಅದನ್ನು ಅರಿತ ಅವಳು ಹೊಸ ಬೋಲ್ಟಿಗೆ ಹೊಸ ನಟ್ಟನ್ನೇ ತಂದು ಬೇರೆ ಡಬ್ಬಿಯಲ್ಲಿಟ್ಟಿದ್ದಳು. ವರ್ಷಗಳು ಕಳೆದಂತೆ ಡಬ್ಬಿಗಳು ಬೆರೆತುಹೋದವು. ಮುಂದೆ ಅವಳು ಭೌತಶಾಸ್ತ್ರದ ಅಧ್ಯಾಪಕಿಯಾಗಿ ಧಾರವಾಡದಲ್ಲಿ ನೆಲೆಸಿದಳು.

ಪೆಟ್ಟಿಗೆ ಹೊರಬಂದಾಗ ಎಂಜಿನಿಯರರ ಮಗ, "ಅಪ್ಪ, ಮೂವತ್ತು ವರ್ಷದಿಂದ ನೀವು ಇದನ್ನು ಮುಟ್ಟಿಲ್ಲ. ಇದಕ್ಕೆ ಬೆಲೆ ಕೊಡುವವರಿದ್ದಾರೆ, ಮಾರಿಬಿಡೋಣ" ಎಂದ. ಸಂಗ್ರಾಹಕರೊಬ್ಬರು ಛಾಯಾಚಿತ್ರ ನೋಡಿ 12,000 ರೂಪಾಯಿಗೆ ಒಪ್ಪಿದರು. ಮೊತ್ತ ದೊಡ್ಡದಲ್ಲ. ಆ ಮನೆಗೆ ಅದರ ಅಗತ್ಯವೂ ಇರಲಿಲ್ಲ. ತಂದೆಯ ಮನಸ್ಸು ಮಾತ್ರ ಒಪ್ಪಲಿಲ್ಲ. ಇಟ್ಟುಕೊಳ್ಳುವುದಕ್ಕೂ ಮಾರುವುದಕ್ಕೂ ಸಮಾನ ಬಲದ ಕಾರಣಗಳಿದ್ದವು. ಅವುಗಳನ್ನು ಒಂದೊಂದಾಗಿ ತೂಗಿ ನೋಡಿದ ರೀತಿಯೇ ಇಲ್ಲಿ ಗಮನಾರ್ಹವಾದುದು.

ಇಟ್ಟುಕೊಳ್ಳುವ ಪಕ್ಷಕ್ಕೆ ಪ್ರಬಲವಾದ ಆಧಾರ ನೆನಪು. ತಂದೆಯವರು ನಡೆದು ಉಳಿಸಿದ ಹಣದಿಂದ ಬಂದ ವಸ್ತುವನ್ನು ಹಣಕ್ಕೆ ಮಾರುವುದು ಅವರ ಶ್ರಮವನ್ನೇ ಮಾರಿದಂತೆ ಎಂದು ಮನಸ್ಸು ಹೇಳುತ್ತಿತ್ತು. ಆದರೆ ಕಣ್ಣು ಕಂಡ ಸತ್ಯ ಬೇರೆಯಾಗಿತ್ತು. ಮಳೆಗಾಲದ ತೇವಕ್ಕೆ ಪಟ್ಟಿಗಳ ಅಂಚಿನಲ್ಲಿ ತುಕ್ಕು ಹಬ್ಬಿತ್ತು. ಕೈಪಿಡಿಯ ಮೂಲೆಯನ್ನು ಇಲಿ ತಿಂದಿತ್ತು. ಮೂವತ್ತು ವರ್ಷ ನೆನಪು ಮನುಷ್ಯರೊಳಗೆ ಸುರಕ್ಷಿತವಾಗಿತ್ತು. ಕೆಟ್ಟದ್ದು ವಸ್ತು ಮಾತ್ರ. ಹಾಗಾದರೆ ಈ ಇಟ್ಟುಕೊಳ್ಳುವಿಕೆ ಕಾಪಾಡಿದ್ದೇನನ್ನು? ವಸ್ತುವನ್ನಲ್ಲ, 'ನನ್ನದು' ಎಂಬ ಭಾವವನ್ನು. ವಸ್ತುವಿಗಿಂತ ಅದರ ಮೇಲಿನ ಮೂರ್ಛೆಯೇ ಪರಿಗ್ರಹವೆಂದು ಆಚಾರ್ಯರು ತಿಳಿಸಿರುವುದರ ಅರ್ಥ ಹೊಲ ಗದ್ದೆಗಳಿಗಿಂತ ಇಂತಹ ಪೆಟ್ಟಿಗೆಯ ಮುಂದೆ ಹೆಚ್ಚು ಸ್ಪಷ್ಟವಾಗುತ್ತದೆ.

ಮೊಮ್ಮಗನಿಗೆ ಕೊಡಬಹುದಲ್ಲ ಎಂದು ಸೊಸೆ ಕೇಳಿದಳು. ಮಗುವಿಗೆ ನಾಲ್ಕು ವರ್ಷ. ಚಿಕ್ಕ ನಟ್ಟುಗಳು ಬಾಯಿಗೆ ಹೋಗುವ ವಯಸ್ಸು. ಜೊತೆಗೆ ಹಳೆಯ ಕಾಲದ ಬಣ್ಣಗಳಲ್ಲಿ ಸೀಸ ಬೆರೆತಿರುವ ಸಾಧ್ಯತೆಯೂ ಇದೆ. ನೆರೆಯ ಶಾಲೆಗೆ ದಾನ ಮಾಡುವ ಸಲಹೆಗೂ ಇದೇ ಆಕ್ಷೇಪಣೆ ಅನ್ವಯಿಸಿತು. ತನ್ನ ಮನೆಯ ಮಗುವಿಗೆ ಕೊಡಲು ಅಂಜುವ ವಸ್ತುವನ್ನು ಪರರ ಮಕ್ಕಳಿಗೆ ಕೊಟ್ಟು ದಾನವೆಂದು ಕರೆಯಲಾಗದು. ಕೊಡುವವನ ಭಾರ ಇಳಿಯುವುದಕ್ಕಷ್ಟೇ ಕೊಟ್ಟದ್ದು ತ್ಯಾಗವೂ ಅಲ್ಲ.

ಮಾರುವ ಪಕ್ಷ ಹೀಗೆ ಗಟ್ಟಿಯಾಯಿತು. ವಸ್ತುವಿನ ಮರ್ಮ ಬಲ್ಲವರ ಕೈಗೆ ಅದು ಸೇರಿದರೆ ತುಕ್ಕು ನಿಲ್ಲುತ್ತದೆ, ಚಕ್ರಗಳು ಮತ್ತೆ ತಿರುಗುತ್ತವೆ. ಆದರೆ ಅಲ್ಲಿಯೂ ಎರಡು ತೊಡಕುಗಳಿದ್ದವು.

ಮೊದಲನೆಯದು ಸತ್ಯದ ತೊಡಕು. ಕೊಳ್ಳುವವರು ಒಂದೇ ಪ್ರಶ್ನೆ ಕೇಳಿದ್ದರು: ಭಾಗಗಳೆಲ್ಲ ಮೂಲದವೇ? ಬಣ್ಣ ಬಳಿದ ಫಲಕಗಳು ಛಾಯಾಚಿತ್ರದಲ್ಲಿ ಹೊಸದರಂತೆ ಹೊಳೆಯುತ್ತಿದ್ದವು. ಬೋಲ್ಟುಗಳ ವ್ಯತ್ಯಾಸ ಬರಿಗಣ್ಣಿಗೆ ಕಾಣದು. "ಅವರೇ ನೋಡಿಕೊಳ್ಳುತ್ತಾರೆ, ನಾವಾಗಿ ಹೇಳಬೇಕೇನು?" ಎಂದ ಮಗ. ಇದು ವ್ಯಾಪಾರದಲ್ಲಿ ದಿನವೂ ಕೇಳುವ ಮಾತು. ಅಸಲಿಯೊಡನೆ ಅದರಂತೆಯೇ ಕಾಣುವ ಬೇರೆ ವಸ್ತುವನ್ನು ಬೆರೆಸಿ ಮಾರುವುದನ್ನು ಪ್ರತಿರೂಪಕ ವ್ಯವಹಾರವೆಂದು ಕರೆದು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸಿದ್ದಾರೆ. ಅದನ್ನು ಸುಳ್ಳಿನ ಸಾಲಿಗೆ ಸೇರಿಸದೆ ಕಳವಿನ ಸಾಲಿಗೆ ಸೇರಿಸಿರುವುದು ವಿಚಾರಾರ್ಹ. ಸುಳ್ಳು ಕಿವಿಯನ್ನು ವಂಚಿಸುತ್ತದೆ. ಇದು ಕೊಂಡವನ ಕೈಯಿಂದ ಹಣವನ್ನೇ ತೆಗೆಯುತ್ತದೆ. ಬೆರಕೆ ಹಾಲಿನಲ್ಲಿರಲಿ, ತುಪ್ಪದಲ್ಲಿರಲಿ, ಬೋಲ್ಟುಗಳ ಡಬ್ಬಿಯಲ್ಲಿರಲಿ, ನ್ಯಾಯ ಒಂದೇ.

ಎರಡನೆಯದು ಒಡೆತನದ ತೊಡಕು. ಮುಚ್ಚಳದ ಮೇಲೆ ಇದ್ದದ್ದು ಒಬ್ಬನ ಹೆಸರು. ಪೆಟ್ಟಿಗೆ ಇಷ್ಟಾದರೂ ಉಳಿದಿದ್ದು ಇನ್ನೊಬ್ಬಳ ದುಡಿಮೆಯಿಂದ. ಪೆಟ್ಟಿಗೆಯ ತಳದಲ್ಲಿ ಅವಳ ನೋಟುಪುಸ್ತಕ ಸಿಕ್ಕಿದಾಗ ಈ ಮಾತು ತಾನಾಗಿ ಎದ್ದು ನಿಂತಿತು. ಎಂಜಿನಿಯರರು ಧಾರವಾಡಕ್ಕೆ ದೂರವಾಣಿ ಮಾಡಿದರು.

"ನಿನ್ನ ಹೆಸರಿನ ಪೆಟ್ಟಿಗೆ ಅಣ್ಣ, ನನ್ನನ್ನೇಕೆ ಕೇಳುತ್ತೀ?" ಎಂದಳು ತಂಗಿ. ಸ್ವಲ್ಪ ಹೊತ್ತು ಮೌನವಾಗಿದ್ದು, "ಹೆಸರು ನಿನ್ನದು, ಲೆಕ್ಕ ನನ್ನದು. ಮಾರುವುದಾದರೆ ಲೆಕ್ಕ ಸರಿಯಾಗಿ ಒಪ್ಪಿಸೋಣ. ನಾನು ಬರುತ್ತೇನೆ" ಎಂದಳು.

ಅವಳು ಬಂದಳು. ಇಬ್ಬರೂ ಮೂರು ದಿನ ಪಡಸಾಲೆಯಲ್ಲಿ ಕುಳಿತು, ನೋಟುಪುಸ್ತಕವನ್ನು ಮುಂದಿಟ್ಟುಕೊಂಡು, ಪ್ರತಿಯೊಂದು ಬೋಲ್ಟಿಗೂ ಮೂಲದ ನಟ್ಟನ್ನು ತಿರುಗಿಸಿ ನೋಡಿದರು. ಸರಾಗವಾಗಿ ಇಳಿದದ್ದು ಒಂದು ತಟ್ಟೆಗೆ, ನಡುವೆ ಬಿಗಿದದ್ದು ಇನ್ನೊಂದು ತಟ್ಟೆಗೆ. ಮೂಲದ ಭಾಗಗಳೆಷ್ಟು, ಬದಲಿಯವೆಷ್ಟು, ಬಣ್ಣ ಬಳಿದವು ಯಾವುವು, ಕಳೆದುಹೋದವು ಯಾವುವು ಎಂಬ ಪಟ್ಟಿ ಸಿದ್ಧವಾಯಿತು. ಅದನ್ನು ಕೊಳ್ಳುವವರಿಗೆ ಕಳುಹಿಸಿದರು. ಬೆಲೆ 12,000ದಿಂದ 8,000ಕ್ಕೆ ಇಳಿಯಿತು. ಮಗನಿಗೆ ಇದು ನಷ್ಟವಾಗಿ ಕಂಡಿತು. "ಕಡಿಮೆಯಾದ ನಾಲ್ಕು ಸಾವಿರ ಯಾವತ್ತೂ ನಮ್ಮದಾಗಿರಲಿಲ್ಲ" ಎಂದರು ತಂದೆ.

ಬಂದ ಹಣ ಸಮಪಾಲಾಯಿತು. ತಂಗಿ ತನ್ನ ಪಾಲನ್ನು ಬೇಡವೆನ್ನದೆ ಸ್ವೀಕರಿಸಿದಳು. ಕೊಡುವವನು ಹಕ್ಕೆಂದು ಕೊಟ್ಟಾಗ ಪಡೆಯುವವರು ಸಂಕೋಚದಿಂದ ನಿರಾಕರಿಸಿದರೆ ಹಕ್ಕು ಮತ್ತೆ ಉಪಕಾರವಾಗಿಬಿಡುತ್ತದೆ. ಆ 4,000 ರೂಪಾಯಿಗಳಿಂದ ಅವಳು ತಾನು ಪಾಠ ಹೇಳಿದ ಹೆಣ್ಣುಮಕ್ಕಳ ಶಾಲೆಗೆ ನಮ್ಮ ದೇಶದಲ್ಲಿಯೇ ತಯಾರಾದ ಲೋಹದ ಜೋಡಣೆಯ ಆಟಿಕೆಗಳನ್ನು ಕೊಂಡುಕೊಟ್ಟಳು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿರುವುದರಿಂದ, ಆ ಗುರುತನ್ನು ನೋಡಿಯೇ ಆರಿಸಿದಳು. ಪೆಟ್ಟಿಗೆಗಳ ಮೇಲೆ ಯಾರ ಹೆಸರನ್ನೂ ಬರೆಯಿಸಲಿಲ್ಲ. ಕೊಂಡವರಿಗೆ ಬೇಡವಾದ ಎಸ್.ಪಿ. ರಸ್ತೆಯ ಬೋಲ್ಟುಗಳು ಒಂದು ಗಾಜಿನ ಸೀಸೆಯಲ್ಲಿ ಅಣ್ಣನ ಬಳಿ ಉಳಿದವು. ಮಾರುಕಟ್ಟೆಯಲ್ಲಿ ಅವುಗಳಿಗೆ ಬೆಲೆಯಿಲ್ಲ; ಆದುದರಿಂದ ಇಟ್ಟುಕೊಳ್ಳಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಬಾಲ್ಯದ ವಸ್ತುವನ್ನು ಮಾರುವುದು ತಪ್ಪೆಂದಾಗಲಿ, ಇಟ್ಟುಕೊಳ್ಳುವುದು ತಪ್ಪೆಂದಾಗಲಿ ಈ ಪ್ರಸಂಗದಿಂದ ನಿರ್ಣಯಿಸಬೇಕಾಗಿಲ್ಲ. ದಿನವೂ ಕೈಯಾಡಿಸಿ ಬಳಸುವವನು ಇಟ್ಟುಕೊಳ್ಳಲಿ. ಮಕ್ಕಳೊಡನೆ ಕುಳಿತು ಕಟ್ಟುವವನು ಅವಶ್ಯವಾಗಿ ಇಟ್ಟುಕೊಳ್ಳಲಿ. ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನಾಲ್ಕೇ. ಇದು ಬಳಕೆಯಲ್ಲಿದೆಯೇ, ಬರಿಯ ಒಡೆತನದಲ್ಲಿದೆಯೇ? ಇದರಲ್ಲಿ ಹೆಸರು ಬರೆಯದ ಪಾಲುದಾರರು ಯಾರಾದರೂ ಇದ್ದಾರೆಯೇ? ಕೊಳ್ಳುವವನಿಗೆ ತಿಳಿಯಬೇಕಾದದ್ದೆಲ್ಲ ತಿಳಿದಿದೆಯೇ? ಪಡೆಯುವವರಿಗೆ ಇದರಿಂದ ಹಿತವೇ, ಅಹಿತವೇ?

ಮನೆಯ ಅಟ್ಟಕ್ಕೆ ಅನ್ವಯಿಸುವ ಈ ಪ್ರಶ್ನೆಗಳು ಸಂಘ ಸಂಸ್ಥೆಗಳ ಉಗ್ರಾಣಗಳಿಗೂ ಅನ್ವಯಿಸುತ್ತವೆ. ಅಲ್ಲಿಯೂ ಯಾರೋ ಕೊಟ್ಟದ್ದು, ಯಾರೋ ಕಾಪಾಡಿದ್ದು, ಯಾರ ಹೆಸರಿನಲ್ಲಿಯೋ ಇರುವಂಥದ್ದು ಎಷ್ಟೋ ಬೀಗದೊಳಗಿದೆ. ಬೀಗ ತೆಗೆಯುವ ಮುನ್ನ ಲೆಕ್ಕದ ಪುಸ್ತಕ ತೆರೆಯುವುದು ಒಳಿತು. ಆ ಪುಸ್ತಕವನ್ನು ಯಾರು ಬರೆದರೆಂದು ಕೇಳುವುದು ಇನ್ನೂ ಒಳಿತು.