ಮಾರೀಚನ ಕೂಗು

ಮಾರೀಚನು ಹೊನ್ನಿನ ಜಿಂಕೆಯಾಗಿ ಬಂದ ಕಥೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿರುವೆವು. ಆದರೆ ಅವನ ಹೆಚ್ಚಿನ ಚಾತುರ್ಯವು ಸಾಯುವಾಗ ರಾಮನ ಧ್ವನಿಯಲ್ಲಿ ಕೂಗಿಕೊಂಡುದರಲ್ಲಿದೆಯೆಂದು ನನಗೆ ಈಚೆಗೆ ತೋರುತ್ತಿದೆ. ಜಿಂಕೆಯು ಆಸೆಯನ್ನು ಕೆರಳಿಸಿತು. ಕೂಗು ಭಯವನ್ನು ಕೆರಳಿಸಿತು. ಅದು ಅಣ್ಣನ ಕೂಗಲ್ಲವೆಂದ ಲಕ್ಷ್ಮಣನಿಗೆ ದೊರೆತುದು ನಿಂದೆ.

ಈ ವಿಚಾರ ಹೊಳೆದುದಕ್ಕೆ ಕಾರಣವುಂಟು. ನಮ್ಮ ಬೀದಿಯ ನಿವೃತ್ತ ಉಪಾಧ್ಯಾಯರೊಬ್ಬರಿಗೆ, ಪಿಂಚಣಿದಾರರು ಜೀವನ ಪ್ರಮಾಣ ಪತ್ರವನ್ನು ಒಪ್ಪಿಸುವ ನವೆಂಬರ್ ತಿಂಗಳಿನಲ್ಲಿ, ಮೊಬೈಲಿಗೆ ಒಂದು ಸಂದೇಶ ಬಂದಿತು. ಬ್ಯಾಂಕಿನ ಹೆಸರು, ಲಾಂಛನ, ವಿನಯದ ಒಕ್ಕಣೆ. ಸಂಜೆಯೊಳಗಾಗಿ ಕೊಂಡಿಯನ್ನು ಒತ್ತಿ ವಿವರಗಳನ್ನು ತುಂಬದಿದ್ದರೆ ಪಿಂಚಣಿ ನಿಲ್ಲುವುದೆಂಬ ಎಚ್ಚರಿಕೆ. “ನಾಳೆ ಬ್ಯಾಂಕಿಗೇ ಹೋಗಿ ಕೇಳಿದರಾಗದೆ?” ಎಂದರಂತೆ ಅವರ ಮನೆಯಾಕೆ. “ನಿನಗೇನು ತಿಳಿಯುತ್ತೆ, ಸುಮ್ಮನಿರು” ಎಂದು ಇವರು ಗದರಿದರಂತೆ. ಅರ್ಧ ಗಂಟೆಯೊಳಗೆ ಖಾತೆ ಬರಿದಾಯಿತು.

ಆ ಕೊಂಡಿಯನ್ನು ಆಮೇಲೆ ನಾನೂ ನೋಡಿದೆನು. ಬ್ಯಾಂಕಿನ ಹೆಸರು ವಿಳಾಸದ ಆದಿಯಲ್ಲಿದ್ದಿತು. ಕೊನೆಯಲ್ಲಿದ್ದುದು ಬೇರೆ ಯಾವುದೋ ಹೆಸರು. ಅಂಚೆಯ ವಿಳಾಸದಲ್ಲಿ ಊರು ಕೊನೆಗೆ ಬರುವಂತೆ, ಅಂತರ್ಜಾಲದ ಮನೆಹೆಸರಿನಲ್ಲಿಯೂ ಯಜಮಾನನಾರೆಂಬುದನ್ನು ತಿಳಿಸುವುದು ಅದರ ಬಲತುದಿಯೇ. ಎಡಗಡೆಯಲ್ಲಿ ಯಾರ ಹೆಸರನ್ನು ಯಾರಾದರೂ ಬರೆದುಕೊಳ್ಳಬಹುದು. ಇಂತಹ ವೇಷಗಳನ್ನು ತಡೆಯುವುದಕ್ಕಾಗಿಯೇ ರಿಸರ್ವ್ ಬ್ಯಾಂಕು ನಮ್ಮ ದೇಶದ ಬ್ಯಾಂಕುಗಳು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಬರಬೇಕೆಂದು 2025ರಲ್ಲಿ ವಿಧಿಸಿತು.

ವಿಳಾಸವನ್ನೋದುವ ವಿದ್ಯೆಗಿಂತಲೂ ಮೊದಲು ಬೇಕಾದುದು ಅವಸರವನ್ನು ಸಂಶಯಿಸುವ ಬುದ್ಧಿ. ಸಂದೇಶವು ತೋರಿದ ದಾರಿಯನ್ನು ಬಿಟ್ಟು, ಪಾಸ್‌ಪುಸ್ತಕದಲ್ಲಿ ಅಚ್ಚಾಗಿರುವ ಸಂಖ್ಯೆಗೆ ನಾವೇ ಕರೆಮಾಡಿ ಕೇಳಿದರೆ ನಷ್ಟವೇನು? ನಿಜವಾದ ಬ್ಯಾಂಕು ಕಾಯುವುದು, ಕಳ್ಳನಿಗೆ ಹೊತ್ತಿಲ್ಲ.

ಉಪಾಧ್ಯಾಯರು ಎರಡು ದಿನ ಯಾರೊಡನೆಯೂ ಬಾಯಿಬಿಡಲಿಲ್ಲ. ಬಾಳೆಲ್ಲ ಹುಡುಗರ ತಪ್ಪು ತಿದ್ದಿದವರಿಗೆ ಈ ನಾಚಿಕೆಯನ್ನು ನುಂಗುವುದು ಸುಲಭವೆ? ಆದರೆ ಇಂತಹ ವಂಚನೆಯ ದೂರಿಗೆಂದೇ ಸರಕಾರವು ಇಟ್ಟಿರುವ 1930 ಎಂಬ ಸಂಖ್ಯೆಗೆ ಕೂಡಲೆ ತಿಳಿಸಿದ್ದರೆ, ಹಣವು ಖಾತೆಯಿಂದ ಖಾತೆಗೆ ಹಾರಿಹೋಗುವ ಮೊದಲು ತಡೆಹಿಡಿಯುವ ಅವಕಾಶವಾದರೂ ಇರುತ್ತಿತ್ತು. ಆ ಎರಡು ದಿನಗಳನ್ನು ಕಳ್ಳನಿಗೆ ಒದಗಿಸಿದುದು ಜನ ನಕ್ಕಾರೆಂಬ ಅಂಜಿಕೆ. ಮೋಸಹೋದವರನ್ನು ಕಂಡು ನಗುವ ನಾವು ಅರಿಯದೆಯೇ ಮೋಸಗಾರನ ಕೈಯಾಳುಗಳಾಗುತ್ತೇವೆ.

ಇದನ್ನು ಬರೆಯಲು ಅವರ ಒಪ್ಪಿಗೆಯನ್ನು ಕೇಳಿದೆನು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ಹೆಸರು ಬೇಡ, ಆ ಸಂಖ್ಯೆಯನ್ನು ಮಾತ್ರ ತಪ್ಪದೆ ಬರೆಯಿರಿ” ಎಂದರು.